ಬೋರ್ಡಿನಲ್ಲಿ ಹೆಸರಿದ್ದವರು

ನಾನು ಏಜೆಂಟ್ ಎಂದರೆ ನಮ್ಮ ಆಂಟಾಪ್ ಹಿಲ್ ಕಾಲನಿಯಲ್ಲಿ ಇವತ್ತಿಗೂ ಜನ ವಿಮೆಯದ್ದೋ ಎಂದು ಕೇಳುತ್ತಾರೆ. ಅಲ್ಲ, ಪುಸ್ತಕದ್ದು ಎಂದರೆ, ಅಯ್ಯೋ ಅದಕ್ಕೂ ಏಜೆಂಟ್ ಬೇಕಾ ಎಂಬ ಮರುಪ್ರಶ್ನೆ. ಬೇಕು. ಬರೆದವರಿಗೆ ಪ್ರಕಾಶಕರ ಬಾಗಿಲು ಗೊತ್ತಿರುವುದಿಲ್ಲ, ಪ್ರಕಾಶಕರಿಗೆ ಬಂದದ್ದನ್ನೆಲ್ಲ ಓದುವ ಪುರುಸೊತ್ತಿಲ್ಲ. ನಡುವೆ ನಾನು. ಹಸ್ತಪ್ರತಿ ತರಿಸಿಕೊಂಡು ಓದುತ್ತೇನೆ, ಹಿಡಿಸಿದರೆ ತಿದ್ದಿಸುತ್ತೇನೆ, ಆಮೇಲೆ ಅದನ್ನು ಹೊತ್ತುಕೊಂಡು ಬಾಗಿಲು ಬಾಗಿಲು ತಟ್ಟುತ್ತೇನೆ. ಹೆಚ್ಚಿನವು ಇಂಗ್ಲಿಷಿನವು. ಅದರಲ್ಲೂ ನಾನು ಹಿಡಿದು ಕೂತಿರುವುದು ಒಂದೇ ಬಗೆ, ಇಲ್ಲದ್ದನ್ನು ಉಂಟು ಎಂದು ಹೇಳುವ ಕಥೆಗಳು. ಸ್ಪೆಕ್ಯುಲೇಟಿವ್ ಫಿಕ್ಷನ್ ಎಂದು ಅದಕ್ಕೆ ದೊಡ್ಡ ಹೆಸರು.

ಬರುವ ರಾಶಿಯಲ್ಲಿ ಏನಿಲ್ಲ ಹೇಳಿ. ಸಮುದ್ರದಡಿ ಮುಳುಗಿದ ಮುಂಬಯಿ, ಮೋಡದ ಮೇಲೆ ಕಟ್ಟಿದ ಮುಂಬಯಿ, ಯಂತ್ರಗಳೇ ಮಕ್ಕಳನ್ನು ಸಾಕುವ ಮುಂಬಯಿ. ಜೊತೆಯ ಪತ್ರದಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ಇಂಥದ್ದನ್ನು ಇದುವರೆಗೆ ಯಾರೂ ಯೋಚಿಸಿಲ್ಲ. ಯೋಚಿಸಿರುತ್ತಾರೆ, ಅದೇ ವಾರ ಇನ್ಯಾರೋ ಕಳಿಸಿಯೂ ಇರುತ್ತಾರೆ. ಅದರ ಬಗ್ಗೆ ನನಗೆ ತಕರಾರಿಲ್ಲ. ನನ್ನ ಪಿತ್ತ ನೆತ್ತಿಗೇರುವುದು ಬೇರೆ ಕಾರಣಕ್ಕೆ. ಮೊದಲ ಅಧ್ಯಾಯದಲ್ಲಿ ಒಬ್ಬ ಮನುಷ್ಯ ಗಾಳಿಯಲ್ಲಿ ಹಾರುತ್ತಾನೆ. ಮುಂದಿನ ಅಧ್ಯಾಯದಲ್ಲಿ ಅದೇ ಮನುಷ್ಯ ಅಂಧೇರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು ಆಫೀಸಿಗೆ ತಡವಾಗಿ ಹೋಗಿ ಬೈಸಿಕೊಳ್ಳುತ್ತಾನೆ. ಹಾರಲು ಬರುವವನು ಆಟೋ ಹತ್ತಿ ಏಕೆ ಕೂತ? ಕೇಳಿದರೆ ಬರೆದವರಿಗೆ ಸಿಟ್ಟು, ಇದು ಫ್ಯಾಂಟಸಿ ಮೇಡಂ ಎನ್ನುತ್ತಾರೆ. ಫ್ಯಾಂಟಸಿ ಎಂದರೆ ತಲೆಬುಡ ಇರಬಾರದು ಎಂದು ಇವರಿಗೆ ಯಾರು ಹೇಳಿಕೊಟ್ಟರೋ.

ನನಗೆ ಈ ವಿಷಯದಲ್ಲಿ ಪಾಠವಾದದ್ದು ಯಾವ ಕಾಲೇಜಿನಲ್ಲೂ ಅಲ್ಲ, ತಾಳಮದ್ದಳೆಯಲ್ಲಿ. ಅಪ್ಪ ಉಡುಪಿ ಕಡೆಯವರು, ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ರಜೆ ಸಿಕ್ಕ ಮಧ್ಯಾಹ್ನ ನಮ್ಮ ಕಾಲನಿಯ ಹಾಲ್‌ನಲ್ಲಿ ಅವರ ಬಳಗ ಸೇರುತ್ತಿತ್ತು. ಯಕ್ಷಗಾನದ್ದೇ ಕಥೆ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಮಿಕ್ಕವರು ಬಿಳಿ ಪಂಚೆ ಉಟ್ಟು ಎದುರುಬದುರು ಕೂತು, ಒಬ್ಬರು ದೇವರಾಗಿ ಒಬ್ಬರು ರಾಕ್ಷಸನಾಗಿ ವಾದಿಸುತ್ತಾರೆ. ಮಾತು ಬರೆದಿಟ್ಟದ್ದಲ್ಲ, ಅಲ್ಲೇ ಹುಟ್ಟಬೇಕು. ಎದುರಿನವರು ಏನು ಕೇಳುತ್ತಾರೆ ಎಂದು ಯಾರಿಗೂ ಗೊತ್ತಿರುವುದಿಲ್ಲ.

ಒಮ್ಮೆ ಯಾವ ಆಯುಧದಿಂದಲೂ ಸಾಯದ ವರ ಪಡೆದ ರಾಕ್ಷಸನ ಕಥೆ ನಡೆಯುತ್ತಿತ್ತು. ಎದುರಿನವರು ಇದ್ದಕ್ಕಿದ್ದಂತೆ ಕೇಳಿದರು: ನಿನಗೆ ಸಾವಿಲ್ಲ ಎನ್ನುತ್ತೀ, ಹಾಗಾದರೆ ಅರಮನೆಯ ಬಾಗಿಲಲ್ಲಿ ಇಷ್ಟು ಕಾವಲುಗಾರರು ಯಾಕೆ, ಯಾರ ಹೆದರಿಕೆ? ರಾಕ್ಷಸನಾಗಿದ್ದವರು ತಡವರಿಸಿ, ಪ್ರಸಂಗದಲ್ಲಿ ಹಾಗೆ ಉಂಟು ಎಂದುಬಿಟ್ಟರು. ಹಾಲ್ ಇಡೀ ನಕ್ಕಿತು. ಅವರ ಮಾನ ಹೋಯಿತು. ಮುಂದಿನ ಸಲ ಅದೇ ಕಥೆಯಲ್ಲಿ ರಾಕ್ಷಸನ ಪಾತ್ರ ಅಪ್ಪನಿಗೆ ಬಂತು, ಅದೇ ಪ್ರಶ್ನೆಯೂ ಬಂತು. ಅಪ್ಪ ಹೇಳಿದರು, "ವರ ಇರುವುದು ನನಗೆ. ನನ್ನ ಹೆಂಡತಿ ಮಕ್ಕಳಿಗೆ ಇಲ್ಲ. ಕಾವಲು ಅವರಿಗೆ."

ಈ ಸಲ ಹಾಲ್‌ನಲ್ಲಿ ಯಾರೂ ನಗಲಿಲ್ಲ. ಅದುವರೆಗೆ ರಾಕ್ಷಸನಾಗಿದ್ದವನು ಮನೆಯ ಯಜಮಾನನಾಗಿಬಿಟ್ಟಿದ್ದ. ಇಷ್ಟು ವರ್ಷಗಳಿಂದ ನಾನು ಹಸ್ತಪ್ರತಿಗಳ ರಾಶಿಯಲ್ಲಿ ಹುಡುಕುತ್ತಿರುವುದು ಆ ಉತ್ತರವನ್ನೇ. ಇಲ್ಲದ್ದೊಂದನ್ನು ಉಂಟು ಎಂದು ಒಪ್ಪಿಕೊಳ್ಳಿ, ಸಂತೋಷ. ಒಪ್ಪಿಕೊಂಡ ಮೇಲೆ ಅದರೊಳಗೇ ಬಾಳ್ವೆ ಮಾಡಿ. ಯಾರಿಗೆ ಅದು ಸಿಕ್ಕಿತು, ಯಾರಿಗೆ ಸಿಗಲಿಲ್ಲ, ಅದನ್ನು ಹೇಳಿ. ಇನ್ನೊಂದು ಸಂಗತಿಯನ್ನೂ ಆ ಹಾಲ್‌ನಲ್ಲೇ ಕಲಿತೆ. ಅಲ್ಲಿ ಎದುರಿನವರನ್ನು ಬೆವರಿಳಿಸುವ ಹಾಗೆ ಪ್ರಶ್ನಿಸುವುದು ಮರ್ಯಾದೆ. ಲೆಕ್ಕಕ್ಕಿಲ್ಲದವರನ್ನು ಯಾರೂ ಏನೂ ಕೇಳುವುದಿಲ್ಲ. ವಾದ ಮುಗಿದ ಮೇಲೆ ದೇವರೂ ರಾಕ್ಷಸನೂ ಒಂದೇ ಪಾತ್ರೆಯಿಂದ ಉಪ್ಪಿಟ್ಟು ಬಡಿಸಿಕೊಂಡು ತಿನ್ನುತ್ತಿದ್ದರು.

ಇಷ್ಟು ಹೇಳಿದ್ದು ಏಕೆಂದರೆ, ಈ ಅಭ್ಯಾಸ ಇಲ್ಲದ ಕಡೆಯ ಒಬ್ಬ ಹೆಂಗಸಿನ ಜೊತೆ ನನಗೆ ಜಗಳವೇ ಆಗಿಹೋಯಿತು.

ಅವರ ಪತ್ರ ಚಿಕ್ಕದಾಗಿತ್ತು. ಮಲಾಡಿನಲ್ಲಿ ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ನಾನು, ಧಾರವಾಡ ಕಡೆಯವಳು, ನನ್ನ ಇಂಗ್ಲಿಷ್ ಕಾದಂಬರಿಯಲ್ಲಿ ಸತ್ತ ಸದಸ್ಯರು ಸೊಸೈಟಿಯ ಮೀಟಿಂಗಿಗೆ ಬರುತ್ತಾರೆ, ಬದುಕಿದವರನ್ನು ಸಂಭಾಳಿಸಿದ ಅನುಭವದಿಂದ ಬರೆದಿದ್ದೇನೆ. ಇಷ್ಟೇ. ಯಾರೂ ಯೋಚಿಸಿಲ್ಲ ಎಂಬ ಬಡಾಯಿ ಇರಲಿಲ್ಲ. ನಾನು ಅಂದೇ ಓದಲು ಶುರು ಮಾಡಿದೆ.

ಮುಂಬಯಿಯ ಸೊಸೈಟಿಗಳ ಮೀಟಿಂಗ್ ಕಂಡವರಿಗೆ ಗೊತ್ತು, ಹೊತ್ತಿಗೆ ಸರಿಯಾಗಿ ಯಾರೂ ಬರುವುದಿಲ್ಲ. ಬೇಕಾದಷ್ಟು ಜನ ಸೇರದೆ ಕೋರಂ ಆಗಲಿಲ್ಲ ಎಂದು ಮೀಟಿಂಗನ್ನು ಅರ್ಧ ಗಂಟೆ ಮುಂದೂಡಿ, ಅರ್ಧ ಗಂಟೆ ಕಳೆದ ಮೇಲೆ ಅದೇ ಜಾಗದಲ್ಲಿ, ಇದ್ದಷ್ಟು ಜನರನ್ನೇ ಕೂರಿಸಿಕೊಂಡು ನಡೆಸುತ್ತಾರೆ. ಆ ಖಾಲಿ ಅರ್ಧ ಗಂಟೆಯಲ್ಲೇ ಅವರ ಕಾದಂಬರಿಯ ಸತ್ತವರು ಬರುತ್ತಾರೆ. ಪಾರ್ಕಿಂಗ್ ಜಾಗದಲ್ಲಿ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂರುತ್ತಾರೆ. ಕಟ್ಟಡ ಎದ್ದ ಮೇಲೆ ಮೊದಲ ಸಲ ಕೋರಂ ತುಂಬುತ್ತದೆ. ಚೇರ್ಮನ್ ಕನ್ನಡಕ ಒರೆಸಿಕೊಂಡು, ಸರಿ, ಶುರು ಮಾಡೋಣ ಎನ್ನುತ್ತಾನೆ. ಮಕ್ಕಳು ಕಾಂಪೌಂಡಿನಲ್ಲಿ ಕ್ರಿಕೆಟ್ ಆಡಬಾರದೆಂದು ಬದುಕಿದ್ದಾಗ ಹಟ ಹಿಡಿದಿದ್ದ ಮುದುಕ, ಸತ್ತ ಮೇಲೂ ಬಂದು ಅದನ್ನೇ ಎತ್ತುತ್ತಾನೆ. ನಾನು ಒಬ್ಬಳೇ ಕೂತು ಗಹಗಹಿಸಿ ನಕ್ಕೆ.

ಬರುವುದಕ್ಕೆ ಒಂದು ನಿಯಮವಿತ್ತು. ಕಟ್ಟಡದ ಕೆಳಗೆ, ಲಿಫ್ಟಿನ ಪಕ್ಕದಲ್ಲಿ, ಯಾವ ಮನೆ ಯಾರದು ಎಂದು ಬರೆದ ಬೋರ್ಡ್ ಇರುತ್ತದಲ್ಲ, ಅದರಲ್ಲಿ ಹೆಸರು ಇದ್ದವರು ಮಾತ್ರ ಬರಬಹುದು. ಸತ್ತವರ ಹೆಸರನ್ನು ಯಾರೂ ಅಳಿಸುವ ಗೋಜಿಗೆ ಹೋಗುವುದಿಲ್ಲ, ವರ್ಷಗಟ್ಟಲೆ ಹಾಗೇ ಇರುತ್ತದೆ. ಇದು ನಿಜವೇ. ನಮ್ಮ ಕಟ್ಟಡದ ಬೋರ್ಡಿನಲ್ಲೂ ಅಪ್ಪನ ಹೆಸರು ಇನ್ನೂ ಇದೆ. ಕಥೆಯಲ್ಲಿ ಹಳೇ ಕಟ್ಟಡವನ್ನು ಕೆಡವಿ ಹೊಸದು ಕಟ್ಟಬೇಕೋ ಬೇಡವೋ ಎಂಬ ಪ್ರಶ್ನೆ ಬಂದಿದೆ. ಸೆಕ್ರೆಟರಿಗೆ ಕೆಡವುವುದು ಬೇಡ, ತಂದೆ ಕೊಂಡ ಮನೆ. ಸತ್ತವರೂ ಅವಳ ಪರವಾಗಿ ಕೈ ಎತ್ತುತ್ತಾರೆ. ಅವಳು ಗೆಲ್ಲುತ್ತಾಳೆ. ಅಲ್ಲಿಗೆ ಮುಗಿಯುತ್ತದೆ.

ಮುಗಿದಾಗ ನನಗೆ ಊಟದಲ್ಲಿ ಉಪ್ಪು ಮರೆತ ಹಾಗೆ ಅನಿಸಿತು. ಎಲ್ಲ ಇದೆ, ಏನೋ ಇಲ್ಲ. ಮತ್ತೊಮ್ಮೆ ತಿರುವಿ ಹಾಕಿದೆ. ಆಗ ಹೊಳೆಯಿತು.

ವಡಾಲಾದಲ್ಲಿ ಹಾರ್ಬರ್ ಲೈನಿನ ಲೋಕಲ್ ಹಿಡಿದು, ಅಂಧೇರಿಯಲ್ಲಿ ಬದಲಿಸಿ, ಮಲಾಡಿಗೆ ಹೋದೆ. ಸ್ಟೇಷನ್ ಹತ್ತಿರ ನಮ್ಮ ಕಡೆಯವರ ಒಂದು ಹೋಟೆಲಿದೆ, ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಎಷ್ಟು ಹೊತ್ತು ಕೂತರೂ ಯಾರೂ ಏಳಿಸುವುದಿಲ್ಲ. ಅವರು ಮೊದಲೇ ಬಂದು ಕೂತಿದ್ದರು. ನಲವತ್ತು ದಾಟಿದ ಹೆಂಗಸು, ಇಸ್ತ್ರಿ ಮಾಡಿದ ಕಾಟನ್ ಸೀರೆ, ಪಕ್ಕದಲ್ಲಿ ಫೈಲು. ಮೀಟಿಂಗಿಗೆ ಬಂದ ಸೆಕ್ರೆಟರಿಯೇ ಸರಿ. ನನ್ನ ಕನ್ನಡ ಕೇಳಿ ಅವರಿಗೆ ಖುಷಿಯಾಯಿತು, ತಮ್ಮ ಮಗಳು ಕನ್ನಡ ತಿಳಿದರೂ ಹಿಂದಿಯಲ್ಲೇ ಉತ್ತರ ಕೊಡುತ್ತಾಳೆ ಎಂದು ದೂರಿದರು. ಬನ್ಸ್ ಬಂತು, ಕಾಫಿ ಬಂತು. ನಾನು ಸೆರಗು ಸಿಕ್ಕಿಸಿಕೊಂಡು ಅಪ್ಪನ ಹಾಗೆ ಎದುರು ಕೂತೆ.

ಮೊದಲು ಸಣ್ಣಪುಟ್ಟದ್ದು ಕೇಳಿದೆ. ಬಾಡಿಗೆಗೆ ಇದ್ದವರು ಸತ್ತರೆ ಬರುತ್ತಾರಾ? ಮನೆ ಮಾರಿ ಹೋದವರು? ಬೋರ್ಡಿಗೆ ಹೊಸ ಬಣ್ಣ ಹೊಡೆಸಿದ ದಿನ ಸತ್ತವರ ಗತಿ ಏನು? ಎಲ್ಲಕ್ಕೂ ಅವರ ಬಳಿ ಉತ್ತರವಿತ್ತು, ಟಕಟಕ ಹೇಳಿದರು. ನನಗೆ ಹುರುಪು ಬಂತು. ಆಮೇಲೆ ನಿಜವಾದ ಪ್ರಶ್ನೆ ತೆಗೆದೆ.

"ನಿಮ್ಮ ಮೀಟಿಂಗಿಗೆ ಬಂದ ಸತ್ತವರಲ್ಲಿ ಒಬ್ಬಳಾದರೂ ಹೆಂಗಸು ಇಲ್ಲವಲ್ಲ ಮಾರಾಯ್ರೆ, ಅದು ಯಾಕೆ?"

ಅವರು ಕಾಫಿ ಲೋಟ ಕೆಳಗಿಟ್ಟರು. ಯೋಚಿಸಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು. ನಾನು ಬಿಡಲಿಲ್ಲ. ಆ ಕಟ್ಟಡದಲ್ಲಿ ಹೆಂಗಸರು ಸತ್ತೇ ಇಲ್ಲವೇ? ಸತ್ತಿದ್ದರೆ ಎಲ್ಲಿ ಹೋದರು? ಸೆಕ್ರೆಟರಿಯ ತಂದೆ ಬರುತ್ತಾನೆ, ತಾಯಿ ಎಲ್ಲಿ? ಅದು ಕಥೆರಿ, ನನಗ ಹೆಂಗ ಕಂಡತೋ ಹಂಗ ಬರದೀನಿ ಎಂದರು ಅವರು. ಕಥೆಯಲ್ಲಿ ಹಾಗೆ ಉಂಟು ಎನ್ನುವ ಅದೇ ಹಳೇ ಮಾತು. ನಾನು ಮೇಜು ಕುಟ್ಟಿ, ಅದೊಂದು ಮಾತು ಇಲ್ಲಿ ನಡೆಯುವುದಿಲ್ಲ ಎಂದೆ.

ಅವರು ಫೈಲು ಮುಚ್ಚಿದರು. "ನಿಮಗ ಬ್ಯಾಡಾಗಿದ್ರ ಬ್ಯಾಡ ಅನ್ನರಿ. ಇಷ್ಟ ದೂರ ಬಂದು ಮಂದಿ ಎದುರಿಗೆ ಜಗಳ ಯಾಕ?" ಎಂದು ಎದ್ದು ನಡೆದೇಬಿಟ್ಟರು. ಅರ್ಧ ಬನ್ಸ್ ತಟ್ಟೆಯಲ್ಲೇ ಉಳಿಯಿತು.

ನಾನು ಬಾಯಿ ಬಿಟ್ಟುಕೊಂಡು ಕೂತೆ. ನಮ್ಮ ಕಡೆಯವರಾಗಿದ್ದರೆ ಇಷ್ಟು ಪ್ರಶ್ನೆ ಬಂದದ್ದಕ್ಕೆ ಎದೆಯುಬ್ಬಿಸಿ ಮನೆಗೆ ಹೋಗುತ್ತಿದ್ದರು. ಬೇಡದ ಹಸ್ತಪ್ರತಿಗೆ ನಾನು ಎರಡು ಸಾಲಿನ ಸಭ್ಯ ಉತ್ತರ ಕಳಿಸಿ ಕೈತೊಳೆದುಕೊಳ್ಳುತ್ತೇನೆ, ಮಲಾಡ್ ತನಕ ಹೋಗಿ ಬೆವರು ಸುರಿಸುವುದಿಲ್ಲ. ಆದರೆ ಅದು ಅವರಿಗೆ ಹೇಗೆ ತಿಳಿಯಬೇಕು. ಸಂಜೆ ಒಂದು ಮೆಸೇಜ್ ಹಾಕಿದೆ: ಕಾದಂಬರಿ ನನಗೆ ಬೇಕು, ಬೇಕೆಂದೇ ಕೇಳಿದ್ದು, ಪ್ರಶ್ನೆ ಹಾಗೇ ಇದೆ, ಉತ್ತರ ಸಿಕ್ಕಿದ ದಿನ ಬನ್ನಿ. ಉತ್ತರ ಬರಲಿಲ್ಲ. ನಾನು ಕಾದೆ. ಕಾಯುವುದು ನನ್ನ ಕಸುಬಿನ ಅರ್ಧ ಭಾಗ.

ಮಳೆಗಾಲ ಕಳೆದು ನವರಾತ್ರಿ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಅವರೇ ಆಂಟಾಪ್ ಹಿಲ್‌ನ ನಮ್ಮ ಮನೆ ಹುಡುಕಿಕೊಂಡು ಬಂದರು. ಕೈಯಲ್ಲಿ ಫೈಲಿರಲಿಲ್ಲ. ಬಂದವರು ಕೂರದೆ, ಬಾಗಿಲ ಬಳಿಯೇ ನಿಂತು ಹೇಳಿದರು.

"ಅಕ್ಕಾರ, ನಮ್ಮವ್ವನ ಹೆಸರು ಆ ಬೋರ್ಡಿನ್ಯಾಗ ಇರಲೇ ಇಲ್ರಿ. ಅದಕ್ಕ ಬರಲಿಲ್ಲ."

ನಾನು ಒಳಗೆ ಕರೆದು ಕೂರಿಸಿದೆ. ಆಮೇಲೆ ಅವರು ಹೇಳಿದ್ದೆಲ್ಲ ತಮ್ಮ ಮನೆಯ ಮಾತು. ಮದುವೆಯಾಗಿ ಬಂದ ದಿನದಿಂದ ಸಾಯುವ ತನಕ ತಾಯಿ ಇದ್ದದ್ದು ಮಲಾಡಿನ ಅದೇ ಮನೆಯಲ್ಲಿ. ಬೋರ್ಡಿನಲ್ಲಿ ಇದ್ದದ್ದು ತಂದೆಯ ಹೆಸರು, ಆ ಕಟ್ಟಡದಲ್ಲಿ ಎಲ್ಲ ಮನೆಯ ಪದ್ಧತಿಯೂ ಅದೇ. ತಂದೆ ಬಹಳ ವರ್ಷ ಸೊಸೈಟಿಯ ಚೇರ್ಮನ್ ಆಗಿದ್ದರು, ಮೀಟಿಂಗಿಗೆ ಚಹಾ ಹೋಗುತ್ತಿದ್ದದ್ದು ಇವರ ಮನೆಯಿಂದ. ತಾಯಿ ದೊಡ್ಡ ಪಾತ್ರೆಯಲ್ಲಿ ಚಹಾ ಮಾಡಿ, ತಾವೇ ಹೊತ್ತು ತಂದು, ಎಲ್ಲರಿಗೂ ಕೊಟ್ಟು, ಖಾಲಿ ಲೋಟಗಳಿಗಾಗಿ ಕಂಬದ ಪಕ್ಕ ಕಾದು ನಿಲ್ಲುತ್ತಿದ್ದರು. ಕುರ್ಚಿ ಎಷ್ಟು ಖಾಲಿ ಇದ್ದರೂ ಒಂದು ದಿನ ಕೂತದ್ದಿಲ್ಲ. ಕೂಡ್ರು ಅಂತ ನಾವೂ ಅನ್ನಲಿಲ್ರಿ ಎಂದರು. ಅಡಿಗೆಮನೆಗೆ ಕಿಟಕಿ ಇರಲಿಲ್ಲ, ಗೋಡೆ ಸದಾ ಒದ್ದೆ. ಈ ಮನಿ ಬೀಳಬೇಕು, ಕೆಡವಿ ಕಟ್ಟಬೇಕು ಎಂದು ತಾಯಿ ಆಗಾಗ ಹೇಳುತ್ತಿದ್ದರಂತೆ. ಅಪ್ಪ, ಮಗಳು ಸೇರಿ ನಗುತ್ತಿದ್ದರು.

ಹೇಳಿ ಮುಗಿಸುವಾಗ ಅವರ ಕಣ್ಣು ತುಂಬಿತ್ತು. ಆದರೂ ನಾನು ಏಜೆಂಟ್, ಸಮಾಧಾನ ಹೇಳುವುದು ನನ್ನ ಕೆಲಸವಲ್ಲ. ಹಾಗಾದರೆ ನಿಮ್ಮ ಸೆಕ್ರೆಟರಿ ಈಗ ಏನು ಮಾಡುತ್ತಾಳೆ ಎಂದು ಕೇಳಿದೆ. ಅವರು ಮೂಗು ಒರೆಸಿಕೊಂಡು ನಕ್ಕರು. ಈ ಸಲ ಜಗಳ ಎಂದುಕೊಳ್ಳಲಿಲ್ಲ.

ಹೊಸ ಪ್ರತಿ ಬಂದಾಗ ಕೊನೆಯ ಭಾಗ ಪೂರಾ ಬೇರೆಯಾಗಿತ್ತು. ಸೆಕ್ರೆಟರಿ ವಾಚ್‌ಮನ್‌ನ ಸ್ಟೂಲ್ ತಂದು, ಹತ್ತಿ, ತಂದೆಯ ಹೆಸರಿನ ಕೆಳಗೆ ತಾಯಿಯ ಹೆಸರು ಬರೆಯುತ್ತಾಳೆ. ಅವಳಿಗೆ ಒಂದು ಓಟು ಕಡಿಮೆ ಬೀಳುವ ಹಾಗಿದೆ, ತಾಯಿ ಬಂದರೆ ತನ್ನ ಪರ ಕೈ ಎತ್ತುತ್ತಾಳೆ ಎಂಬ ಲೆಕ್ಕ. ಮೀಟಿಂಗಿನ ದಿನ ಆ ಅರ್ಧ ಗಂಟೆಯಲ್ಲಿ ತಾಯಿ ಬರುತ್ತಾಳೆ. ಬಂದವಳೇ ಅಭ್ಯಾಸಬಲದಿಂದ ಕಂಬದ ಪಕ್ಕ ನಿಲ್ಲುತ್ತಾಳೆ. ಮಗಳು ಕೈ ಹಿಡಿದು ಕುರ್ಚಿಯಲ್ಲಿ ಕೂರಿಸುತ್ತಾಳೆ. ಕೆಡವಬೇಕು ಎನ್ನುವವರು ಕೈ ಎತ್ತಿ ಎಂದು ಚೇರ್ಮನ್ ಹೇಳಿದಾಗ, ತಾಯಿ ಕೈ ಎತ್ತುತ್ತಾಳೆ. ಮಗಳ ಮುಖ ನೋಡುತ್ತಲೇ ಎತ್ತುತ್ತಾಳೆ. ಮಗಳು ಸೋಲುತ್ತಾಳೆ.

ಓದಿ ಮುಗಿಸಿ ನಾನು ಎದ್ದು ಅಡಿಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದೆ. ಅಪ್ಪ ಹೇಳಿದ ಉತ್ತರದ ನಂತರ ಅಷ್ಟು ಗಟ್ಟಿಯಾದ ಉತ್ತರ ನಾನು ಕೇಳಿರಲಿಲ್ಲ. ಬರೆದವರು ಕರೆದಾಗ ಬಂದು, ಬರೆದವರಿಗೆ ಬೇಕಾದ್ದನ್ನು ಮಾಡಿ, ತೆಪ್ಪಗೆ ಹೋಗುವ ದೆವ್ವಗಳನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಕರೆಸಿಕೊಂಡ ಮೇಲೆ ಅವರಿಗೂ ಒಂದು ಮನಸ್ಸು ಇರಬೇಡವೇ? ಈ ಪುಸ್ತಕವನ್ನು ಮಾರಿಯೇ ತೀರುತ್ತೇನೆ ಎಂದು ಆವತ್ತೇ ಹಟ ತೊಟ್ಟೆ.

ಹಟ ತೊಟ್ಟ ಮಾತ್ರಕ್ಕೆ ಆಗುವುದಿಲ್ಲ. ಕೆಲವರು ಉತ್ತರವನ್ನೇ ಕೊಡಲಿಲ್ಲ. ಸೊಸೈಟಿ ಮೀಟಿಂಗಿನ ಕಥೆ ಮುಂಬಯಿ ಬಿಟ್ಟು ಆಚೆ ಯಾರಿಗೆ ಬೇಕು ಎಂದರು ಒಬ್ಬರು. ಎಲ್ಲ ಸೆಕ್ರೆಟರಿಯ ಕನಸು ಎಂದು ಮಾಡಿದರೆ ನೋಡಬಹುದು ಎಂದರು ಇನ್ನೊಬ್ಬರು. ಅವರಿಗೆ ನಾನು ಬರೆದ ಉತ್ತರವನ್ನು ಇಲ್ಲಿ ಹೇಳದಿರುವುದೇ ವಾಸಿ.

ಕೊನೆಗೆ ಅಂಧೇರಿಯ ಒಂದು ದೊಡ್ಡ ಪ್ರಕಾಶನದಿಂದ ಕರೆ ಬಂತು. ಇಬ್ಬರೂ ಹೋದೆವು. ಅವರು ಧಾರವಾಡದಿಂದ ತರಿಸಿದ ಸೀರೆ ಉಟ್ಟಿದ್ದರು, ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಸಂಪಾದಕ ಒಳ್ಳೆಯ ಹುಡುಗ, ಪುಸ್ತಕವನ್ನು ಪೂರ್ತಿ ಓದಿದ್ದ, ಅರ್ಧ ಗಂಟೆಯ ವಿಷಯ ನೆನೆದು ನಕ್ಕ. ತೆಗೆದುಕೊಳ್ಳಲು ತಯಾರು ಎಂದ. ಒಂದೇ ಒಂದು ಬದಲಾವಣೆ ಬೇಕು. ತಾಯಿ ಮಗಳ ಪರವಾಗಿ ಕೈ ಎತ್ತಬೇಕು. ಅಷ್ಟು ವರ್ಷ ಕಂಬದ ಪಕ್ಕ ನಿಂತವಳು ಬಂದು ಮಗಳನ್ನು ಹರಸಿದರೆ ಓದುಗರು ಅಳುತ್ತಾರೆ, ಸೋಲಿಸಿದರೆ ಪುಸ್ತಕ ಮುಚ್ಚಿಬಿಡುತ್ತಾರೆ. ಯೋಚಿಸಿ ಹೇಳಿ ಎಂದು ಲಿಫ್ಟಿನ ತನಕ ಬಂದು ಬೀಳ್ಕೊಟ್ಟ.

ಮೆಟ್ರೋ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಅವರು ನಿಧಾನವಾದರು. ಬದಲು ಮಾಡಿಬಿಡೋಣವೇ ಎಂದು ಕೇಳಿದರು. ಮನೆಯಲ್ಲಿ ಇದನ್ನು ಬರೆಯುವುದೇ ಒಂದು ಹುಚ್ಚು ಎಂದುಕೊಂಡಿದ್ದಾರೆ, ಒಂದು ಪುಸ್ತಕ ಅಂತ ಕೈಯಲ್ಲಿ ಬಂದರೆ ಸಾಕು, ಒಂದು ಕೈ ಎತ್ತುವುದು ಆ ಕಡೆಯಿಂದ ಈ ಕಡೆಗೆ ತಾನೇ. ಅವರು ದಣಿದಿದ್ದರು, ನನಗೆ ಕಾಣುತ್ತಿತ್ತು. ಪುಸ್ತಕ ಅವರದು, ತೀರ್ಮಾನವೂ ಅವರದೇ. ಬೇಡ ಎನ್ನುವ ಹಕ್ಕು ನನಗಿಲ್ಲ. ಪ್ರಶ್ನೆ ಕೇಳುವ ಹಕ್ಕು ಮಾತ್ರ ನನ್ನಿಂದ ಯಾರೂ ಕಿತ್ತುಕೊಳ್ಳಲಾರರು.

"ಮಾಡಿ. ಆದರೆ ಒಂದು ಹೇಳಿ. ನಿಮ್ಮ ಮಾತಿಗೇ ಹೂಂ ಅನ್ನುವುದಾದರೆ, ಅಮ್ಮನನ್ನು ಕರೆಸಿದ್ದು ಎಂತಕ್ಕೆ?"

ಜನ ನಮ್ಮನ್ನು ತಳ್ಳಿಕೊಂಡು ಹತ್ತುತ್ತಿದ್ದರು. ಅವರು ಕಂಬಿ ಹಿಡಿದು ನಿಂತರು. ನಾನು ಈ ಪುಸ್ತಕವನ್ನೂ ಇವರನ್ನೂ ಇಲ್ಲೇ ಕಳೆದುಕೊಂಡೆ ಎಂದುಕೊಂಡೆ.

"ಆಕಿ ಬದುಕಿದ್ದಾಗ ನಾವು ನಕ್ಕು ನಕ್ಕು ಆಕಿ ಬಾಯಿ ಮುಚ್ಚಿಸಿದಿವಿ," ಎಂದರು ಕೊನೆಗೆ. "ಸತ್ತ ಮ್ಯಾಲೆ ಕರಸಿ ಮತ್ತ ಮುಚ್ಚಸೂದಿಲ್ರಿ. ಇಲ್ಲ ಅಂತ ಹೇಳಿಬಿಡ್ರಿ ಅವರಿಗೆ."

ಅಲ್ಲೇ ನಿಂತು ಫೋನ್ ಮಾಡಿ ಇಲ್ಲ ಎಂದೆ. ಆಮೇಲೆ ಇಬ್ಬರೂ ಕೆಳಗಿಳಿದು ಹೋಗಿ ಹೊಟ್ಟೆ ತುಂಬ ಊಟ ಮಾಡಿದೆವು. ಅವರು ಬೆಳಗಿನದ್ದೂ ಸೇರಿಸಿ ತಿಂದರು.

ಮುಂದಿನ ತಿಂಗಳುಗಳಲ್ಲಿ ನಾನು ಕಳಿಸುತ್ತಲೇ ಇದ್ದೆ, ಅದು ವಾಪಸು ಬರುತ್ತಲೇ ಇತ್ತು. ಪ್ರತಿ ಸಲ ಅವರಿಗೆ ಫೋನ್ ಮಾಡಿ ಹೇಳುತ್ತಿದ್ದೆ, ಪ್ರತಿ ಸಲ ಅವರು, ಹೌದೇನ್ರಿ, ಮುಂದಿಂದು ಯಾರು ಎಂದು ಕೇಳುತ್ತಿದ್ದರು. ಅಂಧೇರಿಯ ಮೆಟ್ಟಿಲಿನ ನಂತರ ಅವರ ದನಿ ಒಮ್ಮೆಯೂ ಕುಗ್ಗಲಿಲ್ಲ. ನನಗೇ ಕೆಲವೊಮ್ಮೆ ಸಾಕಪ್ಪಾ ಸಾಕು ಅನಿಸಿದಾಗ ಆ ದನಿಯೇ ಎಬ್ಬಿಸಿ ಕೂರಿಸುತ್ತಿತ್ತು.

ಒಂದು ಭಾನುವಾರ ನಾನು ಬಂಗುಡೆ ಮೀನು ತೊಳೆಯುತ್ತಾ ಕೂತಿದ್ದೆ. ಫೋನ್ ಬಂತು. ಕೈ ಒರೆಸಿಕೊಳ್ಳಲೂ ಪುರುಸೊತ್ತಿಲ್ಲದೆ ಮೊಣಕೈಯಲ್ಲೇ ಸ್ಪೀಕರ್ ಒತ್ತಿದೆ. ಪುಣೆಯ ಒಂದು ಸಣ್ಣ ಪ್ರಕಾಶನದ ಹೆಂಗಸು, ಸಂಪಾದಕಿ. ನಮಸ್ಕಾರ ಎಂದವರು, ಪುಸ್ತಕ ಹಿಡಿಸಿತು, ಹಿಡಿಸಲಿಲ್ಲ ಎಂದು ಏನನ್ನೂ ಹೇಳದೆ ನೇರವಾಗಿ ಕೇಳಿದರು: ಕಟ್ಟಡ ಕೆಡವಿದರೆ ಆ ಬೋರ್ಡೂ ಹೋಗುತ್ತದಲ್ಲ? ಬೋರ್ಡ್ ಹೋದರೆ ಸತ್ತವರು ಇನ್ನು ಬರುವ ಹಾಗಿಲ್ಲ. ತಾಯಿಗೆ ಇದು ಗೊತ್ತಿದೆಯೇ?

ನನ್ನ ಕೈಯಿಂದ ಮೀನು ಜಾರಿತು. ಇಷ್ಟು ಸಲ ಓದಿದ್ದೆ, ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಹೊಟ್ಟೆಕಿಚ್ಚಾಯಿತು, ಸಂತೋಷವೂ ಆಯಿತು. ಕಥೆಯ ಹೊರಗೆ ನಿಂತು ಬೆಲೆ ಕಟ್ಟುವವರು ಹೀಗೆ ಕೇಳುವುದಿಲ್ಲ. ಈ ಹೆಂಗಸು ಒಳಗೆ ಬಂದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದರು. ಪುಸ್ತಕ ಅವರದಾಯಿತು ಎಂದು ಆಗಲೇ ಗೊತ್ತಾಯಿತು. ಬರೆದವರನ್ನೇ ಕೇಳಿ ಹೇಳುತ್ತೇನೆ ಎಂದು ಫೋನ್ ಇಟ್ಟೆ.

ಮಲಾಡಿಗೆ ಫೋನ್ ಮಾಡಿದಾಗ ಅವರು ಟೆರೇಸಿನಲ್ಲಿ ನೀರಿನ ಟ್ಯಾಂಕ್ ತೊಳೆಸುತ್ತಿದ್ದರು, ಹಿಂದೆ ಬಕೆಟ್ಟುಗಳ ಸದ್ದು. ನಾನು ಪ್ರಶ್ನೆಯನ್ನು ಇದ್ದ ಹಾಗೇ ಒಪ್ಪಿಸಿದೆ. ಅವರು ಟ್ಯಾಂಕಿನವರಿಗೆ ಒಂದು ನಿಮಿಷ ನಿಲ್ಲಿಸಲು ಹೇಳಿದರು.

"ಗೊತ್ತದರಿ ಅಕ್ಕಾರ," ಎಂದರು. "ನನಗೂ ಗೊತ್ತದ, ಅವ್ವಗೂ ಗೊತ್ತದ. ಗೊತ್ತಿದ್ದೇ ಕೈ ಎತ್ಯಾಳ. ಮಗಳ ಅಡಿಗಿಮನಿಗೆ ಕಿಡಕಿ ಬರತದಲ್ಲ."

ನಾನು ಮೀನಿನ ಕೈಯಲ್ಲೇ ಕಣ್ಣು ಒರೆಸಿಕೊಂಡು ಇನ್ನಷ್ಟು ಉರಿ ಮಾಡಿಕೊಂಡೆ. ಪುಣೆಗೆ ಆ ಉತ್ತರವನ್ನು ಒಂದಕ್ಷರ ಬದಲಿಸದೆ ದಾಟಿಸಿದೆ. ಆ ಕಡೆಯಿಂದ ಸಂಪಾದಕಿ, ಕರಾರು ಕಳಿಸುತ್ತೇನೆ ಎಂದರು.

ಕರಾರಿಗೆ ಸಹಿ ಹಾಕಿಸಲು ಕೊರಿಯರ್ ಸಾಕಿತ್ತು. ನಾನು ಬಿಡಲಿಲ್ಲ, ಖುದ್ದಾಗಿ ಹೋದೆ. ಅವರ ಕಟ್ಟಡವನ್ನು ಅಲ್ಲಿಯ ತನಕ ಕಣ್ಣಾರೆ ಕಂಡಿರಲಿಲ್ಲ. ಗೋಡೆಯ ಬಣ್ಣ ಅಲ್ಲಲ್ಲಿ ಎದ್ದಿತ್ತು, ಬಾಲ್ಕನಿಗಳ ಕೆಳಗೆ ಕಬ್ಬಿಣ ಕಾಣುತ್ತಿತ್ತು. ಅವರು ಕೆಳಗೇ ಕಾದು ನಿಂತಿದ್ದರು. ತಮ್ಮ ಸೊಸೈಟಿಯೂ ಕೆಡವಿ ಕಟ್ಟುವುದಕ್ಕೆ ಕಳೆದ ವಾರ ಒಪ್ಪಿಗೆ ಕೊಟ್ಟಿತು ಎಂದರು. ಇಷ್ಟು ವರ್ಷ ತಂದೆಯ ಹಾಗೆ ಬೇಡ ಬೇಡ ಎನ್ನುತ್ತಿದ್ದ ಇವರೇ ಈ ಸಲ ಕೆಡವಲು ಕೈ ಎತ್ತಿದ್ದರಂತೆ.

ಲಿಫ್ಟಿನ ಪಕ್ಕದಲ್ಲಿ ಬೋರ್ಡ್ ಇತ್ತು. ಕಪ್ಪು ಹಲಗೆ, ಬಿಳಿ ಅಕ್ಷರ, ಬಹುಪಾಲು ಮಾಸಿದ್ದವು. ಅವರ ತಂದೆಯ ಹೆಸರನ್ನು ನಾನು ಹುಡುಕಬೇಕಾಗಲಿಲ್ಲ. ಅದರ ಕೆಳಗಿನ ಸಾಲು ಹೊಸದಾಗಿ ಬೆಳ್ಳಗೆ ಹೊಳೆಯುತ್ತಿತ್ತು, ಅಕ್ಷರ ಸ್ವಲ್ಪ ವಾರೆಯಾಗಿತ್ತು. ಸ್ಟೂಲ್ ಹತ್ತಿ ಬರೆದವರದ್ದು. ಒಂದು ಹೆಂಗಸಿನ ಹೆಸರು. ಇಡೀ ಬೋರ್ಡಿನಲ್ಲಿ ಅದೊಂದೇ.

ಕಟ್ಟಡ ಇನ್ನೆಷ್ಟು ದಿನ ಮಾರಾಯ್ರೆ, ಈಗ ಯಾಕೆ ಬರೆಯುವುದಕ್ಕೆ ಹೋದಿರಿ ಎಂದು ಕೇಳಿದೆ. ಅಭ್ಯಾಸ, ಬಾಯಿ ಸುಮ್ಮನಿರುವುದಿಲ್ಲ.

ಅವರು ಲಿಫ್ಟಿನ ಗುಂಡಿ ಒತ್ತಿದರು.

"ಕೆಡವೂಕಿಂತ ಮೊದಲ ಇನ್ನ ಒಂದು ಮೀಟಿಂಗ್ ಅದರಿ. ಅವ್ವ ಬಂದ್ರ ಬರ್ಲಿ," ಎಂದರು. "ಚಾ ಈ ಸಲ ನಾ ಮಾಡ್ತೀನಿ."